ಬಚ್ಚಲ ನೀರು ಕುಡಿದ ಬಿದಿರು

ಹಿತ್ತಲಲ್ಲಿ ಬಿದಿರು ನೆಟ್ಟಾಗ ನನಗೆ ಐವತ್ತೆಂಟು ವರ್ಷ. ಅದಾಗಿ ಹದಿಮೂರು ವರ್ಷವಾಯಿತು. ನೆಡಬೇಡ ಎಂದವಳು ನನ್ನ ನೆಗೆಣ್ಣಿ, ನನ್ನ ಮೈದುನನ ಹೆಂಡತಿ. ನೆಟ್ಟವಳು ನಾನು. ಮನೆ ಕಳೆದುಕೊಂಡವಳು ಅವಳು. ಇಷ್ಟು ಹೇಳಿದರೆ ಮುಗಿಯಿತು. ಆದರೆ ಈಗಲೂ ಯಾರಾದರೂ ಬರುತ್ತಾರೆ. ಕಂಪೌಂಡಿನ ಬದಿಗೆ ಬಿದಿರು ಹಚ್ಚಬೇಕು, ನೀವು ಅದೇ ಕೆಲಸದವರು, ಹೇಗೆ ಹಚ್ಚುವುದು ಹೇಳಿ ಎನ್ನುತ್ತಾರೆ. ಹಚ್ಚಬೇಡಿ ಎಂದರೆ ನಗುತ್ತಾರೆ. ಅದಕ್ಕೇ ಪೂರ್ತಿ ಬರೆದಿಡುತ್ತಿದ್ದೇನೆ.

ನಮ್ಮದು ಮೇದಾರರ ಮನೆ. ಭಾಲ್ಕಿಯಲ್ಲಿ ಮಾವನ ಕಾಲದಿಂದ ಬುಟ್ಟಿ, ಮೊರ, ತೊಟ್ಟಿಲು ಹೆಣೆಯುವ ಕೆಲಸ. ನಾನು ಹುಟ್ಟಿದ್ದು ಬೀದರ ಶಹರದಲ್ಲಿ. ತವರಿನಲ್ಲೂ ಅದೇ ಕೆಲಸ. ಬಿದಿರಿನಿಂದ ಆ ಊರಿಗೆ ಹೆಸರು ಬಂತೆಂದು ಸಾಲೆಯಲ್ಲಿ ಹೇಳಿದ್ದರು. ಮೂರನೆಯ ಇಯತ್ತೆಗೆ ಸಾಲೆ ಬಿಟ್ಟೆ, ಈ ಮಾತೊಂದು ನೆನಪಿನಲ್ಲಿ ಉಳಿಯಿತು. ಆದರೆ ಆ ಊರಲ್ಲಿ ಬಿದಿರಿನ ಮೆಳೆ ಒಂದನ್ನೂ ನಾನು ನೋಡಲಿಲ್ಲ. ನಾವು ನೋಡಿದ ಬಿದಿರು ಲಾರಿಯಿಂದ ಇಳಿಯುತ್ತಿತ್ತು. ಕಡಿದು, ಎಲೆ ಸವರಿ, ಕಟ್ಟು ಕಟ್ಟಿದ ಬಿದಿರು. ಬೆರಳಿನಿಂದ ಒಮ್ಮೆ ಬಡಿದರೆ ಸಾಕು, ಒಳಗೆ ಎಷ್ಟು ದಪ್ಪ, ಎಲ್ಲಿ ಒಡೆಯುತ್ತದೆ, ಬುಟ್ಟಿಗೆ ಬರುತ್ತದೋ ಏಣಿಗೆ ಬರುತ್ತದೋ ಹೇಳಿಬಿಡುತ್ತಿದ್ದೆ. ಹುಟ್ಟಿದಾಗಿನಿಂದ ಬಿದಿರಿನ ನಡುವೆಯೇ ಇದ್ದವಳು, ನನಗೆ ತಿಳಿಯದ್ದು ಏನಿದೆ ಎಂದುಕೊಂಡಿದ್ದೆ. ನನಗೆ ತಿಳಿದದ್ದು ಸತ್ತ ಬಿದಿರು. ಜೀವ ಇದ್ದಾಗ ಅದು ಏನು ಮಾಡುತ್ತದೆ ಎಂಬುದು ನಮ್ಮ ಮೂರು ತಲೆಮಾರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕೆಲಸದಲ್ಲಿ ನಾನು ಸೀಳುವವಳು, ನೆಗೆಣ್ಣಿ ಹೆಣೆಯುವವಳು. ಅವಳು ನನಗಿಂತ ಆರು ವರ್ಷ ಚಿಕ್ಕವಳು. ಅವಳು ಮದುವೆಯಾಗಿ ಬಂದ ವರ್ಷ ಅತ್ತೆ ಇಬ್ಬರ ಕೈಯನ್ನೂ ಹಿಡಿದು ನೋಡಿ ಹಾಗೆ ಹಂಚಿಕೊಟ್ಟಳು. ನನ್ನ ಬೆರಳು ಮೊಂಡು, ಕತ್ತಿಗೆ ಸರಿ. ಅವಳದು ತೆಳ್ಳಗೆ, ಅಂಚು ಕಟ್ಟಲು ಸರಿ. ನಾನು ಅಂಗಳದ ಈ ತುದಿಗೆ ಕೂತು ಸೀಳಿ ಒಗೆಯುವುದು, ಅವಳು ಆ ತುದಿಗೆ ಕೂತು ಹೆಣೆಯುವುದು. ಮೂವತ್ತೈದು ವರ್ಷ ಹೀಗೇ ನಡೆದಿತ್ತು. ನಾನು ಒಂದು ಮೊರ ಪೂರ್ತಿ ಮಾಡಿದವಳಲ್ಲ, ಅವಳು ಒಂದು ಬೊಂಬು ಸೀಳಿದವಳಲ್ಲ. ಜಗಳವಾಡಿ ಮಾತು ಬಿಟ್ಟ ದಿನಗಳಲ್ಲೂ ಸೀಳು ಅವಳ ಮುಂದೆ ಹೋಗಿ ಬೀಳುತ್ತಿತ್ತು, ಬುಟ್ಟಿ ನನ್ನ ಬಾಗಿಲಿಗೆ ಬರುತ್ತಿತ್ತು.

ಮಾವ ಕಟ್ಟಿದ ಮನೆ ಒಂದೇ. ಅಣ್ಣತಮ್ಮಂದಿರು ನಡುವೆ ಗೋಡೆ ಹಾಕಿ ಎರಡು ಮಾಡಿಕೊಂಡಿದ್ದರು. ಹಿತ್ತಲು ಮಾತ್ರ ಇಬ್ಬರಿಗೂ ಸೇರಿದ್ದು. ನನ್ನ ಅರ್ಧದಲ್ಲಿ ನಾನು, ಮಗ, ಸೊಸೆ, ಮೂವರು ಮೊಮ್ಮಕ್ಕಳು. ಅವಳ ಅರ್ಧದಲ್ಲಿ ಅವಳೊಬ್ಬಳೇ. ಇಬ್ಬರ ಗಂಡಂದಿರೂ ಹೋಗಿದ್ದರು. ಅವಳಿಗಿದ್ದ ಒಬ್ಬಳೇ ಮಗಳನ್ನು ಔರಾದಿಗೆ ಕೊಟ್ಟಿದ್ದಳು. ಅಳಿಯ ಅಲ್ಲಿ ಒಂದು ಕಚೇರಿಯಲ್ಲಿ ನೌಕರಿಯಲ್ಲಿದ್ದಾನೆ. ಬಂದು ಇರು ಎಂದು ಮಗಳು ಕರೆಯುತ್ತಲೇ ಇದ್ದಳು. ಇವಳು ಹಬ್ಬಕ್ಕೆ ಹೋದರೂ ಮರುದಿನದ ಬಸ್ಸಿಗೆ ವಾಪಸು.

"ಅಳಿಯನ ಮನ್ಯಾಗ ಕುಂತು ಉಣ್ಣೂದು ನನಗ ಆಗೂದಿಲ್ಲ ಅಕ್ಕಾ," ಎನ್ನುತ್ತಿದ್ದಳು. "ಅವರು ಛಲೋ ಮಂದಿನೇ. ಖರೇ ಅವರ ಬಾಗಲಾಗ ಕುಂತು ಬುಟ್ಟಿ ಹೆಣಿಲಕ ಬಿಡ್ತಾರೇನು? ಸಾಹೇಬನ ಅತ್ತಿ ಬುಟ್ಟಿ ಮಾಡ್ತಾಳ ಅಂತ ಮಂದಿ ಅಂದ್ರ ಅವರ ಮಾರಿ ಸಣ್ಣದಾಗ್ತದ. ಕೈ ಕಟ್ಟಿ ಕುಂತ್ರ ನಾ ಸತ್ತಂಗೇ."

ಅವಳಿಗೆ ಬೇಕಾಗಿದ್ದು ಅಷ್ಟೇ. ತನ್ನ ಬಾಗಿಲು, ತನ್ನ ಒಲೆ, ಕೈಗೆ ಕೆಲಸ. ಅದನ್ನು ತಪ್ಪಿಸಿದವಳು ನಾನು.

ಲಾರಿ ಬರುವುದು ನಿಂತಿತ್ತು. ಮೊದಲು ನಮ್ಮ ಓಣಿ ಪೂರ್ತಿ ಇದೇ ಕೆಲಸ ಮಾಡುತ್ತಿತ್ತು. ಪ್ಲಾಸ್ಟಿಕ್ಕು ಬಂದ ಮೇಲೆ ನಾಲ್ಕೈದು ಮನೆ ಉಳಿದವು. ಅಷ್ಟಕ್ಕೆ ಲಾರಿ ಯಾಕೆ ಬರುತ್ತದೆ? ಬೀದರಿಗೆ ಹೋಗಿ ಬೊಂಬು ಆರಿಸಿ ಟಂಟಂ ಗಾಡಿಯ ಮೇಲೆ ಕಟ್ಟಿಸಿಕೊಂಡು ಬರಬೇಕಾಯಿತು. ಅಲ್ಲಿ ಸಿಗುವುದೂ ಚಪ್ಪರ ಹಾಕುವವರ ದಪ್ಪ ಬೊಂಬು. ಅದನ್ನು ಸೀಳಿ ಸೀಳಿ ನನ್ನ ಬಲಗೈ ರಟ್ಟೆ ಕಳಚಿ ಬರುವಂತಾಗಿತ್ತು.

ಹಾಗೆ ಹೋದ ಒಂದು ದಿನ ತವರಿನಿಂದ ಬಸ್ ಸ್ಟ್ಯಾಂಡಿಗೆ ನಡೆದು ಬರುವಾಗ ದಾರಿ ಬದಿಯ ನರ್ಸರಿಯಲ್ಲಿ ಬಿದಿರಿನ ಸಸಿ ಕಂಡೆ. ಕರಿ ಚೀಲದಲ್ಲಿ ಇಟ್ಟಿದ್ದರು. ಒಳಗೆ ಹೋದೆ. ಎರಡು ತಳಿ ಇದ್ದವು. ಮೇಲೆ ಇಂಗ್ಲಿಷಿನಲ್ಲಿ ಚೀಟಿ ಅಂಟಿಸಿದ್ದರು, ಓದಲು ಬರಲಿಲ್ಲ.

"ಇದು ಬುಡದಾಗೇ ಗುಂಪಾಗಿ ಬೆಳಿತದ ಅಮ್ಮಾ, ಸಾವಕಾಶ," ಎಂದ ನರ್ಸರಿಯವ. "ಅದು ಅಸ್ಸಾಮ್ ಕಡಿದು. ಜಲ್ದಿ ಬರ್ತದ. ಖರೇ ಓಡ್ತದ. ಹೊಲಕ್ಕ ಬೇಕೇನ್ರಿ, ಮನಿಗಾ?"

"ಓಡ್ಲಿಕ್ಕ ಅದಕ್ಕ ಕಾಲು ಅವ ಏನು?"

"ಮಣ್ಣಿನ ಬುಡಕ ಓಡ್ತದ ರಿ."

"ನಾವು ಮೇದಾರರು ತಮ್ಮಾ. ನನಗ ಬಿದರು ಕಲಸ್ತಿ?"

ಅವನು ಕೈ ಮುಗಿದ.

ಬೆಳೆದು ನಿಂತ ಗಿಡಗಳೂ ಅಲ್ಲಿದ್ದವು. ಲಾರಿಯ ಬೊಂಬನ್ನು ನೋಡುವ ಹಾಗೆಯೇ ಅವನ್ನು ನೋಡಿದೆ. ಗುಂಪಾಗಿ ಬೆಳೆಯುವುದು ಗಿಣ್ಣು ಹತ್ತಿರ ಹತ್ತಿರ, ಒಳಗೆ ಗಟ್ಟಿ, ಮೇಲೆ ಮುಳ್ಳು. ಅಸ್ಸಾಮಿನದು ಮೊಳಕ್ಕೊಂದು ಗಿಣ್ಣು, ಸಿಪ್ಪೆ ನುಣುಪು, ಬಡಿದರೆ ಟೊಳ್ಳು. ಗಿಣ್ಣು ದೂರ ಇದ್ದಷ್ಟೂ ಸೀಳು ಉದ್ದ ಬರುತ್ತದೆ, ಕತ್ತಿ ತಡೆಯುವುದಿಲ್ಲ. ಮೊರಕ್ಕೆ ಅದಕ್ಕಿಂತ ಒಳ್ಳೆಯದು ನಾನು ಹಿಡಿದದ್ದೇ ಇಲ್ಲ. ಮೂರು ಸಸಿ ತೆಗೆದುಕೊಂಡೆ. ಬುಡವನ್ನು ನೋಡಲಿಲ್ಲ. ನಮ್ಮ ಮನೆಗೆ ಬಂದ ಬೊಂಬಿಗೆ ಬೇರು ಎಂಬುದು ಎಂದೂ ಇರಲಿಲ್ಲ. ಬೇರೆ ಯಾರೇ ಆಗಿದ್ದರೂ, ಹೊಲ ಮಾಡುವವರೋ ಅಂಗಡಿಯವರೋ, ಅವನ ಮಾತಿಗೆ ಅಂಜಿ ಇನ್ನೊಂದನ್ನು ಒಯ್ಯುತ್ತಿದ್ದರು. ಬಿದಿರು ಬಲ್ಲವಳಾದ್ದರಿಂದ ನಾನು ಇದನ್ನು ತಂದೆ.

ಹಿತ್ತಲಲ್ಲಿ ತಗ್ಗು ತೆಗೆಯುವಾಗ ನೆಗೆಣ್ಣಿ ಸೊಂಟದ ಮೇಲೆ ಕೈ ಇಟ್ಟು ನಿಂತಳು.

"ಮನಿ ಹಿತ್ತಲಾಗ ಯಾರರೇ ಬಿದರು ಹಚ್ತಾರೇನು ಅಕ್ಕಾ?"

"ಬಿದರಿನ ಮಂದಿ ನಾವ ಹಚ್ಚಲಿಲ್ಲಂದ್ರ ಬ್ಯಾರೆ ಯಾರು ಹಚ್ಬೇಕು?"

"ಹಂಗಿದ್ರ ನಮ್ಮ ಹಿರೇರು ಯಾಕ ಹಚ್ಚಲಿಲ್ಲ?"

"ಅವರಿಗಿ ಬುದ್ಧಿ ಇರಲಿಲ್ಲ."

"ನಿನಗದ?"

"ನೀ ಹೆಣಿ. ಸೀಳೂದು ನಂದು, ಬೊಂಬು ತರೂದೂ ನಂದು."

ಅವಳ ಬಾಯಿ ಮುಚ್ಚಿಸುವುದು ನನಗೆ ಮೊದಲಿನಿಂದ ಬರುತ್ತಿತ್ತು. ಅವಳು ಒಳಗೆ ಹೋದಳು.

ನಮ್ಮ ಕಡೆಯ ಮಳೆಯನ್ನು ನಂಬಿ ಬಿದಿರು ಬೆಳೆಯುವುದಿಲ್ಲ ಎಂಬುದು ಮಾತ್ರ ನನಗೆ ಗೊತ್ತಿತ್ತು. ಅದಕ್ಕೆ ಎರಡೂ ಮನೆಯ ಬಚ್ಚಲ ನೀರನ್ನು ಅದರ ಬುಡಕ್ಕೆ ತಿರುಗಿಸಿದೆ. ನನ್ನ ಬಚ್ಚಲಿನಿಂದ ಒಂದು ಕಾಲುವೆ, ನೆಗೆಣ್ಣಿಯ ಬಚ್ಚಲಿನಿಂದ ಒಂದು ಕಾಲುವೆ, ಗುದ್ದಲಿ ಹಿಡಿದು ನಾನೇ ತೋಡಿದೆ. ಅವಳ ಬಚ್ಚಲು ಅಡುಗೆಮನೆಯ ಹಿಂದಿನ ಗೋಡೆಗೆ ಹತ್ತಿಕೊಂಡಿದೆ. ಹೀಗೆ ಬೇಸಿಗೆಯಲ್ಲೂ ಬಿದಿರಿಗೆ ನೀರು ತಪ್ಪಲಿಲ್ಲ. ನೆಲದೊಳಗೆ ಒಂದು ಹಸಿ ದಾರಿಯಾಯಿತು, ಗಿಡದಿಂದ ಅವಳ ಅಡುಗೆಮನೆಯವರೆಗೆ. ದಾರಿ ತೋರಿಸಿದ್ದು ನಾನೇ.

ಎರಡು ವರ್ಷ ಅದು ಸುಮ್ಮನಿತ್ತು. ಮೂರನೆಯ ಮಳೆಗಾಲದಲ್ಲಿ ಮೊಳಕೆ ಎದ್ದವು. ದಿನಕ್ಕೆ ಗೇಣು ಏರಿದವು. ಓಣಿಯವರು ಬಂದು ನೋಡಿದರು. ಹಿತ್ತಲು ನೆರಳಾಯಿತು, ಸೊಸೆಗೆ ಹಿಗ್ಗಾಯಿತು. ಆಮೇಲೆ ಎಲೆ ಉದುರಲು ಶುರುವಾಯಿತು. ಬೇವಿನ ಎಲೆಯ ಹಾಗೆ ಒಂದು ತಿಂಗಳು ಉದುರಿ ನಿಲ್ಲುವುದಲ್ಲ, ವರ್ಷವಿಡೀ ಉದುರುತ್ತದೆ. ಕೊಳೆಯುವುದಿಲ್ಲ. ಬಚ್ಚಲ ತೂತು ಕಟ್ಟಿತು, ಮಾಳಿಗೆಯ ಮೇಲಿನ ನೀರು ಇಳಿಯುವ ಕೊಳವೆ ಕಟ್ಟಿತು. ಎಲೆಯ ಕೆಳಗೆ ಇಲಿ ಸೇರಿದವು, ಇಲಿಯ ಹಿಂದೆ ಹಾವು ಬಂತು. ಎಳೆ ಮೊಳಕೆಯ ಸಿಪ್ಪೆಯ ಮೇಲೆ ಸಣ್ಣ ಕೂದಲಿನಂಥ ಸುಂಕು ಇರುತ್ತದೆ. ಗಾಳಿಗೆ ಅದು ಹಾರಿ ಒಣಹಾಕಿದ ಬಟ್ಟೆಗೆ ಹತ್ತಿ ಮಕ್ಕಳ ಮೈಯೆಲ್ಲ ತುರಿಸಿತು. ಸೊಸೆಯ ಹಿಗ್ಗು ಅಲ್ಲಿಗೆ ಮುಗಿಯಿತು. ಇವೆಲ್ಲ ಸಣ್ಣ ಮಾತು. ಇಷ್ಟೇ ಆಗಿದ್ದರೆ ನಾನು ಬರೆಯಲು ಕೂಡುತ್ತಿರಲಿಲ್ಲ.

ನಾಲ್ಕನೆಯ ವರ್ಷ ಬೊಂಬು ಕಡಿದೆ. ಕತ್ತಿ ಇಟ್ಟರೆ ಸಾಕು, ಬುಡದಿಂದ ತುದಿಯವರೆಗೆ ನೀಟಾಗಿ ಬಿಚ್ಚಿಕೊಂಡಿತು. ನೆಗೆಣ್ಣಿಯೂ ಒಪ್ಪಿದಳು. "ಕೈಗಿ ರೇಷ್ಮಿ ಹಂಗ ಬರ್ಲಕತ್ತದ," ಎಂದಳು. ಆ ವರ್ಷ ಲಗ್ನದ ಮೊರಗಳನ್ನೆಲ್ಲ ಅದರಲ್ಲೇ ಮಾಡಿದೆವು. ಮಗಳನ್ನು ಕಳಿಸುವಾಗ ಜೋಡಿ ಮೊರ ಕೊಡುವ ಮನೆಗಳು ನಮ್ಮ ಕಡೆ ಇನ್ನೂ ಇವೆ. ಅದಕ್ಕೆ ಪ್ಲಾಸ್ಟಿಕ್ಕು ನಡೆಯುವುದಿಲ್ಲ. ಅಂಥ ಮನೆಯವರು ನೆಗೆಣ್ಣಿಯ ಕೈಯ ಮೊರವೇ ಬೇಕೆಂದು ಹುಡುಕಿಕೊಂಡು ಬರುತ್ತಿದ್ದರು.

ಆರು ತಿಂಗಳಾಗಿರಲಿಲ್ಲ. ಖಟಕ ಚಿಂಚೋಳಿಯಿಂದ ಒಬ್ಬ ಹೆಣ್ಣುಮಗಳು ಬಸ್ಸಿಳಿದು ನೆಟ್ಟಗೆ ನಮ್ಮ ಅಂಗಳಕ್ಕೆ ಬಂದಳು. ಚೀಲದಿಂದ ಎರಡು ಮೊರ ತೆಗೆದು ನೆಗೆಣ್ಣಿಯ ಮುಂದೆ ಇಟ್ಟಳು. ಒಂದನ್ನು ಎತ್ತಿ ಬಡಿದಳು. ಬಿಳಿ ಹಿಟ್ಟು ಉದುರಿತು.

"ಇದು ಮೊರನೋ ಗಿರಣಿನೋ, ನೀವೇ ಹೇಳ್ರಿ. ಜ್ವಾಳ ಕೇರಿದ್ರ ಜ್ವಾಳದಕಿಂತ ಮೊದಲ ಮೊರನೇ ಹಿಟ್ಟಾಗಿ ಬೀಳ್ತದ."

"ಹುಳ ಹತ್ಯಾವ," ಎಂದೆ ನಾನು.

"ಅದು ನನಗೂ ಕಾಣ್ತದ ರಿ. ನನ್ನ ಮಗಳ ಲಗ್ನದ ಮೊರ ಇವು. ಬೀಗತಿ ಏನಂದಾಳ ಗೊತ್ತದೇನು? ಹೊಸ ಸೊಸಿ ಬರೂವಾಗ ಹುಳ ಕಟಗೊಂಡು ಬಂದಾಳ ಅಂದ್ಳು. ಮಂದಿ ನಗಲಕತ್ತಾರ."

ನೆಗೆಣ್ಣಿ ಕೂತಲ್ಲಿಂದ ಎದ್ದಳು. ಒಳಗೆ ಹೋಗಿ ಹಳೆಯ ಲಾರಿ ಬೊಂಬಿನಲ್ಲಿ ಮಾಡಿಟ್ಟ ಎರಡು ಮೊರ ತಂದು ಕೊಟ್ಟಳು. ಆ ಹೆಣ್ಣುಮಗಳು ಹೋದ ಮೇಲೆ ನನ್ನ ಕಡೆ ತಿರುಗಿದಳು.

"ಹೆಸರು ಹೆಣದಾಕಿದು ಹೋಗ್ತದ ಅಕ್ಕಾ, ಸೀಳಿದಾಕಿದಲ್ಲ."

ಆ ವರ್ಷ ಒಂದಾದ ಮೇಲೊಂದು ಮೊರ ವಾಪಸು ಬಂದವು. ಬೀದರಿನಲ್ಲಿ ತವರಿನ ಓಣಿಯ ಒಬ್ಬ ಮುದುಕನನ್ನು ಕೇಳಿದೆ. ಅವನು ಹರೆಯದಲ್ಲಿ ಕಾಡಿಗೆ ಹೋಗಿ ಬೊಂಬು ತುಂಬಿಸಿಕೊಂಡು ಬಂದವನು. ಹಸಿ ಬಿದಿರಿನಲ್ಲಿ ಸಿಹಿ ಇರುತ್ತದೆ, ಹುಳ ಅದಕ್ಕೆ ಬರುತ್ತವೆ, ಚಳಿಗಾಲದಲ್ಲಿ ಕಡಿದು ವಾರಗಟ್ಟಲೆ ನೀರಿನಲ್ಲಿ ಮುಳುಗಿಸಿಟ್ಟು ಆಮೇಲೆ ಲಾರಿಗೆ ಹಾಕುತ್ತಾರೆ ಎಂದ. ನಾವು ಮಳೆಗಾಲ ಮುಗಿಯುವುದರೊಳಗೆ ಕಡಿದು ಅಂದೇ ಸೀಳಿದ್ದೆವು. ಮುಳುಗಿಸಿಡಲು ನಮಗೆ ಕೆರೆಯೂ ಇಲ್ಲ, ಹೊಂಡವೂ ಇಲ್ಲ. ಕುಡಿಯುವ ನೀರಿಗೇ ನಲ್ಲಿಯ ಮುಂದೆ ಕೊಡ ಇಟ್ಟು ಕಾಯುವ ಓಣಿ ನಮ್ಮದು. ಮತ್ತೆ ಬೀದರಿನಿಂದ ದಪ್ಪ ಬೊಂಬು ತರಲು ಶುರು ಮಾಡಿದೆ. ಹಿತ್ತಲ ಬಿದಿರು ಯಾವುದಕ್ಕೂ ಬಾರದೆ ನಿಂತಿತು.

ಆಗಲೇ ಕೀಳಬೇಕಿತ್ತು. ಕಿತ್ತರೆ ನೆಗೆಣ್ಣಿ ಹೇಳಿದ್ದೇ ನಿಜವಾಯಿತೆಂದು ಒಪ್ಪಿದ ಹಾಗೆ. ಅದಕ್ಕೆ ಕೀಳಲಿಲ್ಲ. ಇರಲಿ, ನೆರಳಿಗಾದರೂ ಆಗುತ್ತದೆ ಎಂದು ಹೇಳುತ್ತ ಎರಡು ವರ್ಷ ತಳ್ಳಿದೆ. ಆ ಎರಡು ವರ್ಷ ಅದು ನೆಲದೊಳಗೆ ನಡೆಯಿತು.

ಮೊದಲು ಅವಳ ಬಚ್ಚಲಿನಲ್ಲಿ ಒಂದು ಮೊಳಕೆ ಎದ್ದಿತು, ಕಲ್ಲಿನ ಸಂದಿಯಿಂದ. ಇಬ್ಬರೂ ನಕ್ಕೆವು. ಕತ್ತರಿಸಿ ಒಗೆದೆ. ಹದಿನೈದು ದಿನಕ್ಕೆ ಅಡುಗೆಮನೆಯಿಂದ ಕರೆದಳು.

"ಅಕ್ಕಾ, ಬಂದು ನೋಡು. ನನ್ನ ಫರಸಿ ಕುಣಿಲಕತ್ತದ."

ಅವಳು ರೊಟ್ಟಿ ಬಡಿಯಲು ಕೂಡುವ ಜಾಗದಲ್ಲಿ ನೆಲಕ್ಕೆ ಹಾಸಿದ ಫರಸಿ ಕಲ್ಲು ಒಂದು ಬದಿಗೆ ಎದ್ದಿತ್ತು. ಹಿಟ್ಟು ನಾದುವ ಪರಾತ ಇಟ್ಟರೆ ಜಾರುತ್ತಿತ್ತು. ಹಾರೆ ಹಾಕಿ ಎತ್ತಿದೆವು. ಕೆಳಗೆ ಬಿಳಿ ಮೊಳಕೆ, ಎಮ್ಮೆಯ ಕೊಂಬಿನ ಹಾಗೆ ಬಾಗಿ, ಬೆಳಕು ಹುಡುಕುತ್ತ ಕಲ್ಲಿನಡಿಯಲ್ಲೇ ಅಡ್ಡ ಹೊರಟಿತ್ತು. ಅದರ ಹಿಂದೆ ಬೇರು, ನನ್ನ ಹೆಬ್ಬೆರಳಿನಷ್ಟು ದಪ್ಪ, ಗೋಡೆಯ ಬುಡದಿಂದ ಒಳಗೆ ಬಂದಿತ್ತು.

ನನ್ನ ಅರ್ಧಕ್ಕೆ ಅದು ಬರಲಿಲ್ಲ. ನನ್ನ ಅರ್ಧವನ್ನು ಮಗ ಕೆಡವಿ ಸಿಮೆಂಟಿನ ಬುನಾದಿ ಹಾಕಿಸಿ ಕಟ್ಟಿಸಿದ್ದ. ಅವಳದು ಮಾವನ ಕಾಲದ ಕೆಂಪು ಕಲ್ಲಿನ ಗೋಡೆ, ಕಲ್ಲಿನ ನಡುವೆ ಬರೀ ಮಣ್ಣು. ಬೇರಿಗೆ ಮಣ್ಣು ಬಾಗಿಲಿದ್ದ ಹಾಗೆ.

"ನಿನ್ನ ಬಿದರಿಗಿ ನಿನ್ನ ಮನಿ ರುಚಿ ಹತ್ತಲಿಲ್ಲ ನೋಡು," ಎಂದಳು. ಆಗಲೂ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತು.

ಆಗ ನನಗೆ ಕಣ್ಣು ಬಿಟ್ಟಿತು. ಮೊದಲು ಬಚ್ಚಲ ನೀರನ್ನು ಗಿಡದಿಂದ ತಪ್ಪಿಸಿ ಗಟಾರಕ್ಕೆ ಬಿಟ್ಟೆ. ನೀರಿಲ್ಲದೆ ಸಾಯಲಿ ಎಂದು. ಅದು ಮತ್ತೊಂದು ತಪ್ಪು. ಬುಡದಲ್ಲಿ ನೀರು ಇಲ್ಲವಾದಾಗ ಅದು ನೀರಿರುವ ಕಡೆ, ಅವಳ ಬಚ್ಚಲಿನ ಕಡೆ, ಇನ್ನೂ ಜೋರಾಗಿ ಹೊರಟಿತು. ಆ ಬೇಸಿಗೆ ಹಿತ್ತಲಿನ ಬೊಂಬು ಹಳದಿಯಾದವು, ನೆಗೆಣ್ಣಿಯ ಒಲೆಯ ಪಕ್ಕದ ಮೊಳಕೆ ಹಸಿರಾಗಿತ್ತು. ಮೇಲಿನ ಬೊಂಬು ಪೂರ್ತಿ ಕಡಿದೆ. ಬುಡಕ್ಕೆ ಸೀಮೆಎಣ್ಣೆ ಸುರಿದೆ. ಯಾರೋ ಉಪ್ಪು ಎಂದರು, ಚೀಲಗಟ್ಟಲೆ ಉಪ್ಪು ಹಾಕಿದೆ. ಕರಿಬೇವಿನ ಗಿಡ ಸತ್ತಿತು, ಬಿದಿರು ಸಾಯಲಿಲ್ಲ.

ಗೌಂಡಿಯನ್ನು ಕರೆಸಿದೆವು. ಅವನು ಕಲ್ಲು ಕಟ್ಟುವವನು, ನಮ್ಮ ಕಡೆಯ ಹಳೆಯ ಗೋಡೆಗಳನ್ನೆಲ್ಲ ಬಲ್ಲವನು. ಗೋಡೆಯ ಬುಡ ಬಿಚ್ಚಿ ನೋಡಿ ಕುಕ್ಕರುಗಾಲಲ್ಲಿ ಕೂತುಬಿಟ್ಟ.

"ಗ್ವಾಡಿ ನಾ ಕಟ್ಟಿಕೊಡ್ತೇನಿ ಅವ್ವಾರ. ಖರೇ ಬುಡಕ ಜೀವ ಇರೂತನ ಇದು ನಿಲ್ಲೂದಿಲ್ಲ ರಿ. ಮೊದಲು ಹಿತ್ತಲ ಪೂರಾ ಅಗದು ಬೇರು ತಗೀಬೇಕು. ಒಂದು ತುಂಡು ಉಳದ್ರೂ ಮತ್ತ ಬರ್ತದ."

"ಅಗದ್ರ ಈ ಗ್ವಾಡಿ ನಿಲ್ತದೇನು?" ಎಂದು ನೆಗೆಣ್ಣಿ ಕೇಳಿದಳು.

ಅವನು ತಲೆ ಕೆರೆದುಕೊಂಡ. "ಅದನ್ನೇ ನಾನೂ ವಿಚಾರ ಮಾಡ್ಲಕತ್ತೀನಿ. ಈಗ ಗ್ವಾಡಿ ಹಿಡದು ನಿಂತಿದ್ದು ಆ ಬೇರೇ."

ಬೇರು ಬಿಟ್ಟರೆ ಗೋಡೆ ಒಡೆಯುತ್ತದೆ, ಕಿತ್ತರೆ ಬೀಳುತ್ತದೆ. ಆದರೂ ಅಗೆದೆವು. ಬೇಸಿಗೆಯ ಮೂರು ತಿಂಗಳು, ಗೋಡೆಯಿಂದ ಒಂದು ಮಾರು ದೂರ ಬಿಟ್ಟು. ಮಗ ರಜೆ ಸಿಕ್ಕ ದಿನ ಅಗೆದ. ಉಳಿದ ದಿನ ನಾನು. ಅರವತ್ತಾರು ವರ್ಷಕ್ಕೆ ಹಾರೆ ಹಿಡಿದೆ. ಕೆಂಪು ಗಟ್ಟಿ ನೆಲ, ಹೊಡೆದರೆ ಕಿಡಿ ಬರುತ್ತಿತ್ತು. ನೆಗೆಣ್ಣಿ ತನ್ನ ಜಾಗದಲ್ಲಿ ಕೂತು ಬುಟ್ಟಿ ಹೆಣೆಯುತ್ತಿದ್ದಳು, ನಡುನಡುವೆ ಎದ್ದು ಬಂದು ನೀರು ಕೊಡುತ್ತಿದ್ದಳು. ಕಿತ್ತ ಬೇರಿನ ರಾಶಿ ನನ್ನ ಎದೆಮಟ್ಟ ಬೆಳೆಯಿತು. ಮುಗಿಯಿತು ಎಂದುಕೊಂಡೆ. ಮಳೆ ಬಂದ ಎಂಟನೆಯ ದಿನ ಅಗೆದ ನೆಲದಲ್ಲಿ ಮೊಳಕೆ ಕಾಣಿಸಿದವು. ಎಣಿಸಲು ಶುರು ಮಾಡಿ ಬಿಟ್ಟುಬಿಟ್ಟೆ.

ಹೀಗೇ ಇನ್ನೆರಡು ಮಳೆಗಾಲ. ಅವಳು ಒಲೆಯನ್ನು ಅಡುಗೆಮನೆಯಿಂದ ಪಡಸಾಲೆಗೆ ತಂದಳು, ಹಾಸಿಗೆಯನ್ನು ಪಡಸಾಲೆಯಿಂದ ಬಾಗಿಲ ಹತ್ತಿರಕ್ಕೆ ತಂದಳು. ಬೆಳಿಗ್ಗೆ ಎದ್ದು ಕಸ ಗುಡಿಸುವ ಮೊದಲು ಕತ್ತಿ ಹಿಡಿದು ಅವಳ ಮನೆಯೊಳಗೆ ಸುತ್ತಿ ಮೊಳಕೆ ಕೊಯ್ಯುವುದು ನನ್ನ ಕೆಲಸವಾಯಿತು. ಅವಳು ಹೆಣೆಯುವುದನ್ನು ಒಂದು ದಿನವೂ ಬಿಡಲಿಲ್ಲ. ಗೋಡೆಯ ಬಿರುಕಿನಲ್ಲಿ ಕೈ ಹೋಗುವಷ್ಟು ಜಾಗವಾದಾಗ ಅದಕ್ಕೆ ಹಳೆಯ ಸೀರೆ ತುರುಕಿದಳು.

ಮೂರು ವರ್ಷದ ಹಿಂದೆ, ಮಳೆಗಾಲದ ಒಂದು ಮಧ್ಯಾಹ್ನ, ಹಿಂದಿನ ಗೋಡೆ ಬಿತ್ತು. ಇಬ್ಬರೂ ಅಂಗಳದಲ್ಲಿ ಕೂತು ಕೆಲಸ ಮಾಡುತ್ತಿದ್ದೆವು. ದೊಡ್ಡ ಸಪ್ಪಳವೇನೂ ಆಗಲಿಲ್ಲ. ತೊಯ್ದ ಮೂಟೆ ಇಳಿಸಿದ ಹಾಗೆ ಕೇಳಿತು. ಹೋಗಿ ನೋಡಿದರೆ ಅಡುಗೆಮನೆಯೊಳಗಿಂದ ಹಿತ್ತಲು ಕಾಣುತ್ತಿತ್ತು. ಗೋಡೆಯ ಜೊತೆ ಮಾಳಿಗೆಯ ಒಂದು ಮೂಲೆಯೂ ಕುಸಿದಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಅವಳು ಒಳಗೆ ಹೋಗಿ, ಮಣ್ಣಿನಡಿಯಿಂದ ಪರಾತ ಎಳೆದು, ಸೀರೆಯ ಸೆರಗಿನಿಂದ ಒರೆಸಿ, ಹೊರಗೆ ತಂದಿಟ್ಟಳು.

ನಾನು ಹೇಳಿದೆ, "ನನ್ನ ಕಡಿ ಬಂದು ಇರು."

"ಎಲ್ಲಿ? ಸೊಸಿ ಕಾಲಾಗ ಮಲಗಲಾ?"

"ನನ್ನ ಹಾಸಿಗಿ ಅದ. ಇಬ್ರೂ ಮಲಗಮಿ."

"ಅಕ್ಕಾ, ನಿನ್ನ ಬಿದರು ನನ್ನ ಮನಿ ತಿಂತು. ಈಗ ನಿನ್ನ ಮನ್ಯಾಗ ಕುಂತು ನಾ ಉಣಬೇಕೇನು? ಅದಕಿಂತ ಮಗಳ ಮನ್ಯಾಗ ಉಣ್ತೇನಿ. ಆಕಿ ನನಗ ಏನೂ ಮಾಡಿಲ್ಲ."

ಅವಳು ಬಾಯಿ ಜೋರು ಮಾಡದೆ ಹೇಳಿದಳು.

ಹೊರಡುವುದಕ್ಕೆ ಹತ್ತು ದಿನ ತೆಗೆದುಕೊಂಡಳು. ಆ ಹತ್ತು ದಿನ, ಮುರಿದ ಮನೆಯ ಮುಂದಿನ ಕೋಣೆಯಲ್ಲೇ ಇದ್ದುಕೊಂಡು, ಮಂದಿ ಮಾಡಿಕೊಡಲು ಹೇಳಿದ್ದ ಬುಟ್ಟಿ, ಮೊರ ಎಲ್ಲ ಮುಗಿಸಿದಳು. ಒಂದೂ ಅರ್ಧಕ್ಕೆ ಬಿಡಲಿಲ್ಲ. ನಾನೂ ಸೀಳಿಕೊಟ್ಟೆ.

ಅವಳು ಈಗ ಹೇಗಿದ್ದಾಳೆ ಎಂದು ಕೇಳುವವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಔರಾದಿಗೆ ಎರಡು ಸಲ ಹೋಗಿ ಬಂದೆ. ಚೊಕ್ಕ ಮನೆ, ಟೈಲ್ಸಿನ ನೆಲ. ಅವಳನ್ನು ಕುರ್ಚಿಯ ಮೇಲೆ ಕೂಡಿಸಿದ್ದಾರೆ. ಊಟಕ್ಕೆ, ಔಷಧಕ್ಕೆ ಕಡಿಮೆ ಮಾಡಿಲ್ಲ. ಎರಡನೆಯ ಸಲ ಹೋದಾಗ ಅವಳ ಬೆರಳು ನೋಡಿದೆ. ಬಾಗಿದ್ದು ಬಾಗಿದ ಹಾಗೇ ಗಟ್ಟಿಯಾಗಿದ್ದವು. ಕೆಲಸ ಬಿಟ್ಟ ಕೈ ಹಾಗಾಗುತ್ತದೆ. ಅಳಿಯ ಬಂದು ದೊಡ್ಡಮ್ಮಾ ಆರಾಮೇನ್ರಿ ಎಂದ. ಆರಾಮ ಎಂದೆ. ಅವಳೂ ಆರಾಮ ಎಂದಳು. ಅವಳ ಅರ್ಧ ಮನೆಯೊಳಗೆ ಈಗ ಬಿದಿರು ನಿಂತಿದೆ, ಮಾಳಿಗೆ ಬಿದ್ದ ಕಡೆಯಿಂದ ಮೇಲೆ ಹೋಗಿದೆ. ಅದನ್ನು ಕಡಿಯುವುದನ್ನು ನಾನು ಬಿಟ್ಟಿದ್ದೇನೆ.

ಅವಳು ಹೊರಟ ದಿನ ಕರೆದೊಯ್ಯಲು ಅಳಿಯ ಸಾಮಾನಿನ ಗಾಡಿ ಮಾಡಿಕೊಂಡು ಬಂದಿದ್ದ. ಬೆಳಿಗ್ಗೆ ಹತ್ತರ ಹೊತ್ತು. ಪಾತ್ರೆ, ಹಾಸಿಗೆ, ಟ್ರಂಕು ಏರಿಸಿದರು. ನೆಗೆಣ್ಣಿ ಅಂಚು ಬಿಗಿಯುವ ದಬ್ಬಣ, ಸಣ್ಣ ಕತ್ತಿ, ಕೂಡುವ ಮಣೆ ಮೂರನ್ನೂ ಬಟ್ಟೆಯಲ್ಲಿ ಗಂಟು ಕಟ್ಟಿ ಕೈಯಲ್ಲಿ ಹಿಡಿದಿದ್ದಳು. ಅಳಿಯ ಅದನ್ನು ನೋಡಿದ. ಒಳ್ಳೆಯ ಹುಡುಗ, ಜೋರಾಗಿ ಮಾತಾಡಿದವನಲ್ಲ.

"ಅತ್ತಿ, ಇವೆಲ್ಲಾ ಅಲ್ಲಿ ಯಾಕ ರಿ? ಬಾಳ ದುಡದೀರಿ. ಇನ್ನಮ್ಯಾಲ ಆರಾಮ ಕೂಡ್ರಿ."

ಅವಳು ಗಂಟನ್ನು ತಂದು ನನ್ನ ಕಟ್ಟೆಯ ಮೇಲೆ ಇಟ್ಟಳು.

"ಹೋಗ್ತೇನಿ ಅಕ್ಕಾ."

"ಹೋಗಿ ಬರ್ತೇನಿ ಅನ್ನಬೇಕು," ಎಂದೆ.

"ಎಲ್ಲಿಗಿ ಬರ್ಲಿ?" ಎಂದಳು. ಗಾಡಿಯ ಮುಂದಿನ ಸೀಟಿನಲ್ಲಿ ಕೂತು ಮತ್ತೆ ತಲೆ ಹೊರಗೆ ಹಾಕಿದಳು. "ನೀನೂ ಬಿಟ್ಟುಬಿಡು. ಇನ್ನ ಯಾರಿಗಿ ಸೀಳ್ತಿ?"

ಗಾಡಿ ಹೋಯಿತು. ಸೊಸೆ ಚಹಾ ಮಾಡಿ ಕೊಟ್ಟಳು, ಕುಡಿದೆ. ಆಮೇಲೆ ಮಾಡಲು ಬೇರೆ ಏನೂ ತೋಚದೆ, ಗೋಡೆಗೆ ಒರಗಿಸಿದ್ದ ಬೀದರಿನ ಬೊಂಬು ಒಂದನ್ನು ಎಳೆದುಕೊಂಡು ಸೀಳಿದೆ. ಸಂಜೆಯವರೆಗೆ ಸೀಳಿದೆ. ಒಗೆದದ್ದೆಲ್ಲ ಅಂಗಳದ ಆ ತುದಿಯಲ್ಲಿ ಬಿತ್ತು. ಎತ್ತುವವರಿರಲಿಲ್ಲ.

ಮರುದಿನ ಬೆಳಿಗ್ಗೆ ಎದ್ದು ಮುಖ ತೊಳೆದು, ಆ ಸೀಳುಗಳ ಮುಂದೆ ಕೂತು ಒಂದು ಮೊರ ಹಿಡಿದೆ. ನಲವತ್ತೈದು ವರ್ಷ ಕಣ್ಣೆದುರು ನೋಡಿದ ಕೆಲಸ. ನಾಲ್ಕು ಎಳೆ ಬಂದವು. ಐದನೆಯದಕ್ಕೆ ಮೊದಲಿನದು ಬಿಚ್ಚಿತು. ಮತ್ತೆ ಹಿಡಿದೆ, ಮತ್ತೆ ಬಿಚ್ಚಿತು. ಆಗ ಎದ್ದು ಎಲ್ಲವನ್ನೂ ಒಟ್ಟು ಮಾಡಿ ಕಟ್ಟು ಕಟ್ಟಿ, ತಲೆಯ ಮೇಲೆ ಹೊತ್ತು, ಓಣಿಯ ಆ ತುದಿಯಲ್ಲಿ ಇನ್ನೂ ಬುಟ್ಟಿ ಹೆಣೆಯುವ ಮನೆಗೆ ಒಯ್ದು ಇಳಿಸಿದೆ. ಆ ಮನೆಯಾಕೆ ಒಂದು ಸೀಳನ್ನು ಎತ್ತಿ ಬಾಗಿಸಿ ನೋಡಿದಳು. ಚೆನ್ನಾಗಿ ಸೀಳಿದ್ದೀರಿ, ಯಾಕೆ ತಂದಿರಿ ಎಂದಳು. ನಿನಗೇ ಇರಲಿ ಎಂದೆ. ಮನೆಗೆ ಬಂದು ರೊಟ್ಟಿ ತಿಂದೆ.